ಎರಡು ಬೆರಳಿನ ಸಡಿಲ

ಮುದುಕಿಯ ಕೈ ಕಟ್ಟುವುದು ಡ್ಯೂಟಿಯವಳ ಕೆಲಸವಾಗಿತ್ತು.

ಬ್ಯಾಂಡೇಜ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಬೇಕು. ಮಣಿಕಟ್ಟಿಗೆ ಸುತ್ತಬೇಕು. ತುದಿಯನ್ನು ಮಂಚದ ಕಂಬಿಗೆ ಬಿಗಿಯಬೇಕು. ಬಟ್ಟೆಗೂ ಚರ್ಮಕ್ಕೂ ನಡುವೆ ಎರಡು ಬೆರಳು ತೂರುವಷ್ಟು ಸಡಿಲ ಬಿಡಬೇಕು. ಕಾಯಿಲೆಯವರನ್ನು ನೋಡಿಕೊಳ್ಳಲು ಮನೆಮನೆಗೆ ಹೆಂಗಸರನ್ನು ಕಳಿಸುವ ಏಜೆನ್ಸಿಯವರು ಹೀಗೆ ಕಲಿಸಿದ್ದರು. ಎರಡು ಬೆರಳು ಅಂದರೆ ಯಾರ ಬೆರಳು ಎಂದು ಹೇಳಿರಲಿಲ್ಲ. ಅವಳ ಬೆರಳುಗಳು ದಪ್ಪ. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಕಂಡವರ ಬಟ್ಟೆ ಒಗೆದು, ಕಂಡವರ ನೆಲ ಉಜ್ಜಿ ಊದಿಕೊಂಡವು. ಅವಳು ತನ್ನ ಬೆರಳಿನ ಅಳತೆಯನ್ನೇ ಹಿಡಿದಳು. ಅವಳ ಗಂಟು ಯಾವತ್ತೂ ಸಡಿಲವೇ.

ಅವಳಿಗೊಂದು ಹೆಸರಿತ್ತು. ಆ ಮನೆಯಲ್ಲಿ ಯಾರೂ ಕೇಳಲಿಲ್ಲ. "ಡ್ಯೂಟಿಯವಳು ಬಂದ್ಲಾ?" "ಡ್ಯೂಟಿಯವಳಿಗೆ ಹೇಳು." ಅಷ್ಟೆ. ರಾತ್ರಿ ಪಾಳಿಗೆ ಬರುವ ಇನ್ನೊಬ್ಬ ಹೆಂಗಸಿಗೂ ಅದೇ ಹೆಸರು. ಪಾಳಿ ಬದಲಾಗುವಾಗ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಎದುರಾಗುತ್ತಿದ್ದರು. ರಾತ್ರಿಯವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ಈ ಮನೇಲಿ ನಾಯಿಗೂ ಒಂದು ಹೆಸರಿದೆ ಕಣೇ. ಹೆಸರು ಹಿಡಿದು ಕರೆದ್ರೆ ಬಾಲ ಅಲ್ಲಾಡಿಸುತ್ತೆ. ನಾವು ನೋಡು, ಡ್ಯೂಟಿ ಅಂದ್ರೇ ಸಾಕು, ಅಲ್ಲಾಡಿಸ್ತೀವಿ."

ಮೊದಲ ದಿನ ಸೊಸೆ ಅವಳನ್ನು ಹಿತ್ತಲ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ್ದಳು.

"ನೀವು ಯಾವ ಜನ?"

"ನಮ್ಮಮ್ಮ ಬೀದಿ ಗುಡಿಸೋಳು ಅಕ್ಕಾ."

ಸೊಸೆ ಅರ್ಧ ಹೆಜ್ಜೆ ಹಿಂದೆ ಸರಿದಳು. ಮುಖದ ಮೇಲಿನ ನಗೆ ಹಾಗೇ ಇತ್ತು. "ತಪ್ಪು ತಿಳ್ಕೋಬೇಡ. ನನಗೇನೂ ಇಲ್ಲಪ್ಪ. ಮನೇಲಿ ಹಿರಿಯರಿದ್ದಾರೆ, ನೆಂಟರು ಬರ್ತಾರೆ." ಆಮೇಲೆ ಒಂದೊಂದಾಗಿ ಹೇಳಿದಳು. ಬರುವುದು ಹೋಗುವುದು ಹಿಂದಿನ ಮೆಟ್ಟಿಲಲ್ಲಿ. ಅಡುಗೆಮನೆಯ ಹೊಸ್ತಿಲು ದಾಟಬಾರದು. ಕುಡಿಯುವ ನೀರು ತನ್ನ ಬಾಟಲಿಯಲ್ಲೇ ತರಬೇಕು. ಕೋಣೆಯ ಕುರ್ಚಿ ಡಾಕ್ಟರಿಗೆ. ಅವಳು ಚಾಪೆಯ ಮೇಲೆ ಕೂರಬೇಕು. ಕೊನೆಗೆ ದನಿ ತಗ್ಗಿಸಿದಳು.

"ಇನ್ನೊಂದು ವಿಷಯ. ಅತ್ತೆಗೆ ಏನು ಕಾಯಿಲೆ ಅಂತ ಗೊತ್ತಿಲ್ಲ. ಗೊತ್ತಾಗಲೂಬಾರದು. ಗಂಟಲಲ್ಲಿ ಊತ ಅಂತ ಹೇಳಿದೀವಿ. ನಿನ್ನ ಬಾಯಿಂದ ಏನಾದ್ರೂ ಹೊರಬಿತ್ತೋ, ಆ ಕ್ಷಣ ನಿನಗೆ ಇಲ್ಲಿ ಕೆಲಸ ಇಲ್ಲ."

ಮುದುಕಿಗೆ ಗಂಟಲ ಕ್ಯಾನ್ಸರ್. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಲು ಹಾಕುವವನಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಮುದುಕಿಯೊಬ್ಬಳೇ.

ಮೇಲಿನ ಮಹಡಿಯ ಕೋಣೆಯನ್ನು ಆಸ್ಪತ್ರೆ ಮಾಡಿಟ್ಟಿದ್ದರು. ತಲೆಯೆತ್ತುವ ಮಂಚ, ಆಮ್ಲಜನಕದ ಸಿಲಿಂಡರು, ಕಫ ಎಳೆಯುವ ಮಿಷನ್ನು. ಕುತ್ತಿಗೆಗೆ ತೂತು ಮಾಡಿ ಉಸಿರಿಗೆ ಒಂದು ಕೊಳವೆ ಇಟ್ಟಿದ್ದರು. ಅದರಿಂದ ಮಾತು ಹೋಗಿತ್ತು. ಮೂಗಿನಿಂದ ಹೊಟ್ಟೆಗೆ ಒಂದು ಪೈಪು. ಎರಡು ಗಂಟೆಗೊಮ್ಮೆ ಡ್ಯೂಟಿಯವಳು ಅದಕ್ಕೆ ಸಿರಿಂಜು ಸಿಕ್ಕಿಸಿ, ತೋಳು ಮೇಲೆತ್ತಿ ಹಿಡಿದು, ಬಿಳಿ ಗಂಜಿಯಂಥದ್ದನ್ನು ಸುರಿಯುತ್ತಿದ್ದಳು. ಬೇಗ ಸುರಿದರೆ ಮುದುಕಿಗೆ ಕೆಮ್ಮು ಬರುತ್ತಿತ್ತು. ನಿಧಾನ ಸುರಿದರೆ ಡ್ಯೂಟಿಯವಳ ಭುಜ ಬಿದ್ದುಹೋಗುತ್ತಿತ್ತು. ಅವಳು ನಿಧಾನವಾಗಿಯೇ ಸುರಿದಳು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ಡಯಾಪರ್ ಬದಲಿಸಬೇಕು. ಸೊಂಟದ ಮೇಲೆ ಅಂಗೈಯಗಲ ಹುಣ್ಣು; ಅದನ್ನು ತೊಳೆದು ಮುಲಾಮು ತುಂಬಬೇಕು. ಕಫ ಕಟ್ಟಿದಾಗ ಕೊಳವೆಯೊಳಗೆ ನಳಿಗೆ ಇಳಿಸಿ ಎಳೆಯಬೇಕು. ಆಗ ಮುದುಕಿಯ ಮೈಯೆಲ್ಲ ಬಿಲ್ಲಿನ ಹಾಗೆ ಏಳುತ್ತಿತ್ತು. ದನಿ ಇಲ್ಲ. ಬಾಯಿ ಮಾತ್ರ ತೆರೆದಿರುತ್ತಿತ್ತು.

ಮಗ ದಿನಕ್ಕೆರಡು ಸಲ ಬಾಗಿಲಲ್ಲಿ ನಿಲ್ಲುತ್ತಿದ್ದ. ಕಟ್ಟಡದ ಸಾಮಾನಿನ ದೊಡ್ಡ ಅಂಗಡಿ ಅವನದು. "ಹೇಗಿದೀಯಮ್ಮ? ಊತ ಇಳೀತಾ ಇದೆಯಂತೆ," ಎಂದು ಅಲ್ಲಿಂದಲೇ ಹೇಳಿ ಹೋಗುತ್ತಿದ್ದ. ಕೋಣೆಯ ವಾಸನೆ ಅವನಿಗೆ ಆಗುತ್ತಿರಲಿಲ್ಲ. ಕೆಟ್ಟ ಮನುಷ್ಯನಲ್ಲ. ತಾಯಿಗೆ ಜ್ವರ ಬಂದ ದಿನ ಮೆಟ್ಟಿಲ ಮೇಲೆ ಕೂತು ಅಳುವುದನ್ನು ಡ್ಯೂಟಿಯವಳೇ ನೋಡಿದ್ದಳು. ಆದರೆ ಒಳಗೆ ಬರಲಿಲ್ಲ.

ಮುದುಕಿಯೂ ಮೊದಮೊದಲು ಡ್ಯೂಟಿಯವಳನ್ನು ನೋಡುತ್ತಿರಲಿಲ್ಲ. ಮೈ ಒರೆಸುವಾಗ ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗುತ್ತಿದ್ದಳು. ಆ ಮುಖ ಡ್ಯೂಟಿಯವಳಿಗೆ ಹೊಸದಲ್ಲ. ನಿನ್ನ ಕೈ ಬೇಕು, ನೀನು ಬೇಡ ಅನ್ನುವ ಮುಖ. ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ.

ಎಂಟನೆಯ ದಿನ ಮುದುಕಿ ಏನನ್ನೋ ಕೇಳಿದಳು. ಕಂಬಿ ಬಡಿದಳು. ಬಾಯಿ ಅಲ್ಲಾಡಿಸಿದಳು. ನೀರು ತೋರಿಸಿದರೆ ಅಲ್ಲ. ಫ್ಯಾನು ಅಲ್ಲ. ಹೊದಿಕೆ ಅಲ್ಲ. ಬರೆಯಲು ಒಂದು ಪುಸ್ತಕ ಇತ್ತಂತೆ. ಬಂದವರಿಗೆಲ್ಲ 'ನನಗೆ ಏನಾಗಿದೆ?' ಎಂದು ಬರೆದು ಬರೆದು ತೋರಿಸುತ್ತಾಳೆಂದು ಸೊಸೆ ಪುಸ್ತಕವನ್ನೂ ಪೆನ್ನನ್ನೂ ಎತ್ತಿಟ್ಟಿದ್ದಳು. ಕಾಯಿಲೆ ದನಿ ಕಿತ್ತುಕೊಂಡಿತ್ತು. ಕಾಗದವನ್ನು ಮನೆಯವರು ಕಿತ್ತುಕೊಂಡಿದ್ದರು.

ಮುದುಕಿ ಡ್ಯೂಟಿಯವಳ ಕೈಯನ್ನು ಸೆಳೆದಳು. ಅಂಗೈ ಬಿಡಿಸಿದಳು. ಬೆರಳ ತುದಿಯಿಂದ ಗೀಚಿದಳು.

"ಅಮ್ಮ, ನಾನು ಓದಿರೋದು ಆರನೇ ಕ್ಲಾಸು. ನಿಧಾನ ಬರೀರಿ."

ಮುದುಕಿ ನಿಧಾನವಾಗಿ ಬರೆದಳು. ಬೆ. ನ್ನು. ಬೆನ್ನು. ಬೆನ್ನಡಿಯಲ್ಲಿ ಸಿರಿಂಜಿನ ಮುಚ್ಚಳ ಸಿಕ್ಕಿಕೊಂಡಿತ್ತು. ಬೆಳಿಗ್ಗೆಯಿಂದ ಒತ್ತುತ್ತಿತ್ತು. ತೆಗೆದಾಗ ಆ ಜಾಗ ಕೆಂಪಗೆ ಗುಂಡಗೆ ಅಚ್ಚಾಗಿತ್ತು.

ಆಮೇಲೆ ಅಂಗೈ ಅವರಿಬ್ಬರ ಪಾಟಿಯಾಯಿತು. ಕಿಟಕಿ. ಬಿಸಿಲು. ನೋವು. ಸಾಕು, ಗಂಜಿ ಸಾಕು. ಒಂದು ಮಧ್ಯಾಹ್ನ ಮುದುಕಿಯ ಬೆರಳುಗಳು ಹಾಸಿಗೆಯ ಮೇಲೆ ಟಪಟಪ ಕುಣಿಯುತ್ತಿದ್ದವು. ನಡುಕ ಇರಬೇಕೆಂದು ಡ್ಯೂಟಿಯವಳು ಹಿಡಿದುಕೊಂಡಳು. ಮುದುಕಿ ತಲೆಯಾಡಿಸಿ ಬರೆದಳು: ಟೈಪು. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಟೈಪಿಸ್ಟಾಗಿದ್ದಳಂತೆ. ಸಾಕ್ಷಿಗಳು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಬಡಿದಿಟ್ಟವಳು.

ಅದಾದ ಮೇಲೆ ಬರೆದಳು: ನಿನ್ನ ಹೆಸರು?

ಡ್ಯೂಟಿಯವಳು ಬಾಗಿಲ ಕಡೆ ನೋಡಿದಳು. ಬಗ್ಗಿ ಕಿವಿಯಲ್ಲಿ ಹೇಳಿದಳು. ಮುದುಕಿ ಆ ಹೆಸರನ್ನು ಅವಳ ಅಂಗೈ ಮೇಲೆ ಬರೆದಳು. ಒಂದು ಒತ್ತಕ್ಷರವನ್ನೂ ಬಿಡಲಿಲ್ಲ. ಏಜೆನ್ಸಿಯ ರಿಜಿಸ್ಟರಿನಲ್ಲೂ ಅದು ಅಷ್ಟು ಸರಿಯಾಗಿರಲಿಲ್ಲ.

ಮರುದಿನ ಬರೆದದ್ದು: ಕ್ಯಾನ್ಸರಾ?

"ನಂಗೊತ್ತಿಲ್ಲಮ್ಮ," ಎಂದಳು ಡ್ಯೂಟಿಯವಳು.

ಮುದುಕಿ ಅವಳ ಕೈ ಬಿಟ್ಟಳು. ಗೋಡೆಗೆ ತಿರುಗಿದಳು. ಎರಡು ದಿನ ಏನೂ ಬರೆಯಲಿಲ್ಲ.

ಆ ಎರಡು ದಿನ ಡ್ಯೂಟಿಯವಳಿಗೆ ಅನ್ನ ಇಳಿಯಲಿಲ್ಲ. ಅವಳ ತಾಯಿ ಹೋಗಿ ಮೂರು ವರ್ಷವಾಗಿತ್ತು. ದೊಡ್ಡಾಸ್ಪತ್ರೆಯ ಓಣಿಯಲ್ಲಿ, ನೆಲದ ಮೇಲೆ. ಅವಳಿಗೂ ಕ್ಯಾನ್ಸರೇ. ನಾಲ್ಕು ದಿನ ಕಿರುಚಿದಳು. ನೋವಿನ ಇಂಜೆಕ್ಷನ್ ಕೇಳಿದರೆ, ಅದು ಬೀಗದಲ್ಲಿದೆ, ಬೀಗದವರು ರಜದಲ್ಲಿದ್ದಾರೆ ಅಂದರು. ಅವಳ ತಾಯಿಗೆ ಯಾರೂ ಸುಳ್ಳು ಹೇಳಲಿಲ್ಲ. ಯಾರೂ ಏನೂ ಹೇಳಲಿಲ್ಲ. ಬೀದಿ ಗುಡಿಸುವವಳಿಗೆ ಹೇಳುವುದೇನಿದೆ? ಡಾಕ್ಟರು ಹಾಳೆ ನೋಡಿದರು, ಗೋಡೆ ನೋಡಿದರು, ಹೋದರು. "ನಂಗೇನಾಗಿದೆ ಮಗಳೇ?" ಎಂದು ತಾಯಿ ಕೇಳುತ್ತಲೇ ಇದ್ದಳು. ಇವಳಿಗೆ ಗೊತ್ತಿದ್ದರಲ್ಲವೇ ಹೇಳುವುದು?

ಈಗ ಗೊತ್ತಿತ್ತು.

ಮೂರನೆಯ ದಿನ ಮೈ ಒರೆಸಿ ಮುಗಿಸಿ, ಕೈ ತೊಳೆದು, ಒರೆಸಿಕೊಂಡು, ಡ್ಯೂಟಿಯವಳು ತನ್ನ ಅಂಗೈಯನ್ನು ತಾನೇ ಮುದುಕಿಯ ಮುಂದೆ ಹಿಡಿದಳು.

"ಹೌದಮ್ಮ. ಅದೇ."

ಮುದುಕಿ ಕಣ್ಣು ಮುಚ್ಚಿದಳು. ಕುತ್ತಿಗೆಯ ಕೊಳವೆ ಮಾತ್ರ ಸುಯ್‌ಸುಯ್ ಅನ್ನುತ್ತಿತ್ತು. ಆಮೇಲೆ ಬರೆದಳು: ಎಷ್ಟು ದಿನ?

"ಅದು ಅವರಿಗೂ ಗೊತ್ತಿಲ್ಲಮ್ಮ. ಜಾಸ್ತಿ ಇಲ್ಲ."

ಮುದುಕಿ ಅವಳ ಬೆರಳುಗಳನ್ನು ಹಿಡಿದು ಒಮ್ಮೆ ಒತ್ತಿದಳು. ಅತ್ತಳೋ ಏನೋ. ಆ ಕಣ್ಣುಗಳಿಂದ ಯಾವಾಗಲೂ ನೀರು ಬರುತ್ತಿದ್ದುದರಿಂದ ಗೊತ್ತಾಗುತ್ತಿರಲಿಲ್ಲ.

ಅವತ್ತು ಮಧ್ಯಾಹ್ನವೇ ಮುದುಕಿ ಮೂಗಿನ ಪೈಪನ್ನು ಕಿತ್ತಳು. ಒಂದೇ ಎಳೆತಕ್ಕೆ. ಗಂಜಿ, ರಕ್ತ, ಎಲ್ಲ ಎದೆಯ ಮೇಲೆ. ಡಾಕ್ಟರು ನರ್ಸನ್ನು ಕಳಿಸಿದರು. ಸೊಸೆ ತಲೆ ಹಿಡಿದಳು, ಡ್ಯೂಟಿಯವಳು ಕೈ ಹಿಡಿದಳು, ನರ್ಸು ಪೈಪು ತುರುಕಿದಳು. ಮೂರು ಸಲ ತಪ್ಪಿ ನಾಲ್ಕನೆಯ ಸಲಕ್ಕೆ ಇಳಿಯಿತು. ಮರುದಿನ ಮತ್ತೆ ಕಿತ್ತಳು. ಒಂದು ದಿನ ಬಿಟ್ಟು ಮತ್ತೆ. ಪ್ರತಿಸಲವೂ ಡ್ಯೂಟಿಯವಳ ಅಂಗೈ ಮೇಲೆ ಒಂದೇ ಮಾತು: ಸಾಕು.

"ಅಕ್ಕಾ, ಅವರಿಗೆ ಬೇಡವಂತೆ," ಎಂದು ಒಮ್ಮೆ ಹೇಳಿ ನೋಡಿದಳು.

"ಯಾರು ಹೇಳಿದ್ದು ನಿಂಗೆ? ಅವರಿಗೆ ಮಾತೇ ಬರಲ್ಲ," ಎಂದಳು ಸೊಸೆ.

ಆಮೇಲೆ ಬಂತು ಬ್ಯಾಂಡೇಜ್ ಬಟ್ಟೆ.

ಐದು ವಾರ ಅವಳು ಕಟ್ಟಿದಳು. ಕಟ್ಟಿದಳು ಎಂದು ಒಪ್ಪಿಕೊಳ್ಳಬೇಕು. ಬೆಳಿಗ್ಗೆ ಏಳಕ್ಕೆ ಬಂದು ರಾತ್ರಿಯವಳ ಗಂಟು ಬಿಚ್ಚುತ್ತಿದ್ದಳು. ಕೈ ಉಜ್ಜುತ್ತಿದ್ದಳು. ಬೆರಳುಗಳಿಗೆ ರಕ್ತ ಬರುವವರೆಗೆ ಕಾಯುತ್ತಿದ್ದಳು. ಸೊಸೆಯ ಚಪ್ಪಲಿ ಸದ್ದು ಕೇಳಿದರೆ ಮತ್ತೆ ಕಟ್ಟುತ್ತಿದ್ದಳು. ಮುದುಕಿಯ ಚರ್ಮ ತೆಳು ಕಾಗದ. ಎರಡೂ ಮಣಿಕಟ್ಟಿನ ಸುತ್ತ ಮೊದಲು ಕೆಂಪು, ಆಮೇಲೆ ನೀಲಿ, ಆಮೇಲೆ ಕಪ್ಪು. ನೊಣ ಕೂತರೆ ಓಡಿಸಲು ಕೈ ಇಲ್ಲ. ಮೂಗು ತುರಿಸಿದರೆ ಕೈ ಇಲ್ಲ. ಬೆರಳುಗಳು ಮಾತ್ರ ಕಂಬಿಯ ಮೇಲೆ ಟಪಟಪ ಬಡಿಯುತ್ತಿದ್ದವು. ಏನು ಟೈಪು ಮಾಡುತ್ತಿದ್ದಳೋ.

ಸೊಸೆ ಹೊರಗೆ ಹೋದಾಗೆಲ್ಲ ಡ್ಯೂಟಿಯವಳು ಬಿಚ್ಚುತ್ತಿದ್ದಳು. "ಅಮ್ಮ, ಪೈಪು ಕೀಳಬೇಡಿ. ಕಿತ್ತರೆ ನನ್ನ ಮೇಲೆ ಬರುತ್ತೆ." ಮುದುಕಿ ಕೀಳಲಿಲ್ಲ. ಒಂದು ದಿನವೂ ಕೀಳಲಿಲ್ಲ. ಬುದ್ಧಿ ಸ್ತಿಮಿತದಲ್ಲಿಲ್ಲ ಎಂದು ಮನೆಯವರು ಹೇಳುತ್ತಿದ್ದ ಹೆಂಗಸು ಒಬ್ಬ ಕೆಲಸದವಳ ಕೆಲಸ ಉಳಿಸಲು ಮೂಗಿನಲ್ಲಿ ಪೈಪು ಇಟ್ಟುಕೊಂಡು ಸುಮ್ಮನೆ ಮಲಗಿದಳು.

ಒಂದು ಮಂಗಳವಾರ ಬರೆದಳು: ಕಾಗದ.

ಗಂಜಿ ಕೊಟ್ಟ ಹೊತ್ತು ಗುರುತು ಹಾಕುವ ರಿಜಿಸ್ಟರಿನಿಂದ ಡ್ಯೂಟಿಯವಳು ಒಂದು ಹಾಳೆ ಹರಿದಳು. ಪೆನ್ನು ಕೊಟ್ಟಳು. ಬೆನ್ನ ಹಿಂದೆ ತೋಳು ಕೊಟ್ಟು ಎತ್ತಿ ಕೂರಿಸಿ, ಎದೆಗೆ ಒರಗಿಸಿಕೊಂಡಳು. ಮುದುಕಿ ಬರೆಯತೊಡಗಿದಳು. ಒಂದು ಸಾಲು ಬರೆದು ನಿಲ್ಲುತ್ತಿದ್ದಳು. ಉಸಿರು ಸುಧಾರಿಸಿಕೊಂಡು ಮತ್ತೊಂದು ಸಾಲು. ಒಂದು ಗಂಟೆ ಹಿಡಿಯಿತು. ಡ್ಯೂಟಿಯವಳ ಸೊಂಟ ಕಿತ್ತುಹೋಗುವ ಹಾಗಾಯಿತು. ಅಲ್ಲಾಡಲಿಲ್ಲ.

ಕೋರ್ಟಿನ ಕಾಗದದ ಹಾಗೇ ಇತ್ತು ಅದು. ಮೇಲೆ ತಾರೀಖು. ಕೆಳಗೆ: 'ಪೂರ್ಣ ಪ್ರಜ್ಞೆಯಿಂದ ಬರೆದುಕೊಟ್ಟ ನನ್ನ ಹೇಳಿಕೆ ಏನೆಂದರೆ, ನನ್ನ ಕಾಯಿಲೆ ಏನೆಂದು ನನಗೆ ಗೊತ್ತಿದೆ. ಮೂಗಿನ ಪೈಪು ಬೇಡ. ಇನ್ನು ಆಸ್ಪತ್ರೆ ಬೇಡ, ಮಿಷನ್ನು ಬೇಡ. ನೋವಿಗೆ ಔಷಧಿ ಕೊಡಿ. ನನ್ನ ಕೈ ಬಿಚ್ಚಿ.' ಸಹಿ. ಅದರ ಕೆಳಗೆ 'ಸಾಕ್ಷಿ' ಎಂದು ಬರೆದು, ಒಂದು ಗೆರೆ ಎಳೆದು, ಪೆನ್ನನ್ನು ಡ್ಯೂಟಿಯವಳ ಕಡೆ ಚಾಚಿದಳು.

"ನಾನಾ? ನನ್ನ ಸಹಿಗೆ ಏನು ಬೆಲೆ ಅಮ್ಮ?"

ಮುದುಕಿ ಪೆನ್ನನ್ನು ಚಾಚಿಯೇ ಇದ್ದಳು. ಡ್ಯೂಟಿಯವಳು ಸಹಿ ಹಾಕಿದಳು. ಶಾಲೆ ಬಿಟ್ಟ ಮೇಲೆ ಅಷ್ಟು ದುಂಡಗೆ ಅವಳು ಯಾವತ್ತೂ ಬರೆದಿರಲಿಲ್ಲ.

ಗುರುವಾರ ಡಾಕ್ಟರು ಬರುವ ದಿನ. ಅವಳು ಮೆಟ್ಟಿಲ ತಿರುವಿನಲ್ಲಿ ಕಾದು ನಿಂತು ಹಾಳೆಯನ್ನು ಅವರ ಕೈಗೇ ಕೊಟ್ಟಳು. ಡಾಕ್ಟರು ನಿಂತಲ್ಲೇ ಓದಿದರು. ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನ ನನ್ನ ಕೈಗೆ ಯಾಕೆ ಕೊಟ್ಟೆ?"

"ನೀವು ಡಾಕ್ಟರಲ್ವಾ ಸಾರ್?"

ಅವರು ಮೇಲೆ ಹೋಗಿ ಹಾಳೆಯನ್ನು ಮಗನ ಕೈಗೆ ಕೊಟ್ಟುಬಿಟ್ಟರು.

ಅವತ್ತು ಮಗ ಮೊದಲ ಸಲ ಕೋಣೆಯೊಳಗೆ ಬಂದ. ಮಂಚದ ಹತ್ತಿರ ನಿಂತು ಓದಿದ. ಕಣ್ಣಲ್ಲಿ ನೀರು ಬಂತು. ಒಂದು ಕ್ಷಣ ಡ್ಯೂಟಿಯವಳು, ಆಯಿತು, ಮುಗಿಯಿತು, ಇನ್ನು ಬಿಚ್ಚುತ್ತಾರೆ ಅಂದುಕೊಂಡಳು. ಅಷ್ಟರಲ್ಲಿ ಅವನ ಕಣ್ಣು ಹಾಳೆಯ ಕೊನೆಗೆ ಬಂತು.

"ಸಾಕ್ಷಿ ಯಾರು ಇದು?"

"ನಾನೇ ಸಾರ್."

"ಓಹೋ." ಅವನ ಕಣ್ಣೀರು ಅಲ್ಲಿಗೇ ನಿಂತಿತು. "ಹಾಗೆ ಹೇಳು. ಇದು ಅಮ್ಮ ಬರೆದಿದ್ದಲ್ಲ. ನೀನು ಬರೆಸಿದ್ದು."

"ಅವರ ಅಕ್ಷರ ನಿಮಗೆ ಗೊತ್ತಿಲ್ವಾ ಸಾರ್?"

"ಪೇಪರ್ ಕೊಟ್ಟೋರು ಯಾರು? ಕೈ ಬಿಚ್ಚಿದ್ದು ಯಾರು?" ಸೊಸೆ ನಡುವೆ ಬಂದಳು. "ಕಾಯಿಲೆ ಹೆಸರು ಹೇಳಿದ್ದು ಯಾರು? ಹೇಳಬೇಡ ಅಂತ ಮೊದಲ ದಿನವೇ ಹೇಳಿರಲಿಲ್ವಾ? ಹಿತ್ತಲ ಬಾಗಿಲಲ್ಲಿ ಬಿಟ್ಟುಕೊಂಡ್ರೆ ತಲೆ ಮೇಲೆ ಬಂದು ಕೂತಳು."

ಮುದುಕಿ ಕಂಬಿ ಬಡಿದಳು. ಎಡಗೈ ಕಟ್ಟಿತ್ತು, ಬಲಗೈ ಬಿಚ್ಚಿತ್ತು. ಬಲಗೈಯಿಂದ ಬಡಿದಳು. ತನ್ನ ಎದೆ ಮುಟ್ಟಿ ತೋರಿಸಿದಳು. ಬರೆಯುವ ಹಾಗೆ ಗಾಳಿಯಲ್ಲಿ ಬೆರಳಾಡಿಸಿದಳು. ನಾನೇ, ನಾನೇ ಬರೆದೆ. ಅದನ್ನು ಅರ್ಥ ಮಾಡಿಕೊಳ್ಳಲು ಯಾರಿಗೂ ಆರನೇ ಕ್ಲಾಸೂ ಬೇಕಾಗಿರಲಿಲ್ಲ.

ಮಗ ಬಗ್ಗಿ ತಾಯಿಯ ತಲೆ ಸವರಿದ. "ಅಮ್ಮಾ, ನಿಂಗೇನೂ ಇಲ್ಲ. ಊತ ಅಷ್ಟೆ. ಇವಳು ಏನೋ ಒದರಿದಾಳೆ. ತಲೆ ಕೆಡಿಸ್ಕೋಬೇಡ."

ತಾಯಿ ಅವನನ್ನೇ ನೋಡಿದಳು. ಮೂವತ್ತೊಂದು ವರ್ಷ ಸುಳ್ಳು ಹೇಳುವವರ ಮುಂದೆ ಕೂತು ಟೈಪು ಮಾಡಿದವಳ ನೋಟ ಅದು.

ಮಗ ಡಾಕ್ಟರ ಕಡೆ ತಿರುಗಿದ. "ನೀವೇ ಹೇಳಿ. ಪೈಪು ತೆಗೆದ್ರೆ ಏನಾಗುತ್ತೆ? ಹಸಿವಲ್ಲಿ ಸಾಯ್ತಾಳೆ. ನಾಳೆ ದೂರದೂರಿಂದ ನಮ್ಮಕ್ಕ ಬಂದು ಏನು ಕೇಳ್ತಾಳೆ? ಜನ ಏನಂತಾರೆ? ಇಷ್ಟು ಇದ್ದೂ ಹೆತ್ತ ತಾಯಿಗೆ ಗಂಜಿ ಕೊಡದೆ ಸಾಯಿಸಿದ ಅಂತ ಮುಖಕ್ಕೆ ಉಗೀತಾರೆ. ನಾನು ಹೇಗೆ ತಲೆಯೆತ್ತಿ ಓಡಾಡ್ಲಿ?"

"ನಾನು ಏನು ಹೇಳ್ಲಿ?" ಎಂದರು ಡಾಕ್ಟರು. ಬ್ಯಾಗಿನ ಬಕಲು ಹಾಕುತ್ತಿದ್ದರು. "ಅವರ ಇಷ್ಟ ಅದು ಅಂತ ಕಾಗದದಲ್ಲಿದೆ. ಮನೆಯವರು ಒಪ್ಪಬೇಕು. ಒಪ್ಪದೆ ನಾನು ಕೈ ಹಾಕಲ್ಲ. ಸತ್ತವರು ಬಂದು ನನ್ನ ಮೇಲೆ ಕೇಸು ಹಾಕಲ್ಲ ನೋಡಿ. ಬದುಕಿರೋರು ಹಾಕ್ತಾರೆ."

"ನೋವಿನ ಔಷಧಿ ಆದ್ರೂ ಕೊಡಿ ಸಾರ್," ಎಂದಳು ಡ್ಯೂಟಿಯವಳು.

"ಅದು ಕೊಟ್ರೆ ಮಂಪರು ಬರುತ್ತೆ. ಮಾತಾಡ್ಸೋಕೆ ಬಂದೋರ ಗುರುತು ಸಿಗಲ್ಲ ಅಂತ ಇವರೇ ಬೇಡ ಅಂದಿದಾರೆ," ಎಂದು ಡಾಕ್ಟರು ನೆಲ ನೋಡಿಕೊಂಡು ಹೇಳಿದರು.

ಮಗ ಹಾಳೆಯನ್ನು ಮಡಿಸಿ ಜೇಬಿಗೆ ತುರುಕಿದ. ಮಂಚದ ಕೆಳಗೆ ಬಿದ್ದಿದ್ದ ಬಟ್ಟೆಯನ್ನು ಕಾಲಿನಿಂದ ಅವಳ ಕಡೆ ತಳ್ಳಿದ.

"ಕಟ್ಟು."

ಅವಳು ನಿಂತಲ್ಲೇ ನಿಂತಳು.

"ನಮ್ಮೆದುರಿಗೇ ಕಟ್ಟು. ಬಿಗಿಯಾಗಿ ಕಟ್ಟು. ಕಟ್ಟಿದ್ರೆ ಇವತ್ತಿನ ವಿಷಯ ಇಲ್ಲಿಗೆ ಬಿಡ್ತೀನಿ. ಏಜೆನ್ಸಿಗೆ ಹೇಳಲ್ಲ."

ಡ್ಯೂಟಿಯವಳು ಬಗ್ಗಿ ಬಟ್ಟೆ ಎತ್ತಿಕೊಂಡಳು. ನಾಲ್ಕು ಮಡಿಕೆ ಮಾಡಿದಳು. ಕೈ ತನ್ನಷ್ಟಕ್ಕೆ ಮಾಡಿತು. ಕೆಲಸ ಹೋದರೆ ಏನಾಗುತ್ತದೆಂದು ಕೈಗೆ ಗೊತ್ತಿತ್ತು. ಅವಳು ಮಂಚದ ಹತ್ತಿರ ಹೋದಳು.

ಮುದುಕಿ ಅವಳ ಮುಖ ನೋಡಿದಳು. ಬಟ್ಟೆ ನೋಡಿದಳು. ಆಮೇಲೆ ಬಿಚ್ಚಿದ್ದ ಬಲಗೈಯನ್ನು ತಾನೇ ಎತ್ತಿ ಕಂಬಿಯ ಪಕ್ಕಕ್ಕೆ ಇಟ್ಟಳು. ಕಟ್ಟಿಕೋ ಎಂದು. ಮಣಿಕಟ್ಟು ಮೇಲೆ ಮಾಡಿ, ಕಟ್ಟಲು ಸುಲಭವಾಗುವ ಹಾಗೆ.

ಡ್ಯೂಟಿಯವಳು ತಾನು ಕಿರುಚಿದೆನೇನೋ ಎಂದುಕೊಂಡಳು. ಕಿರುಚಿರಲಿಲ್ಲ. ದನಿ ಮೆಲ್ಲಗೇ ಇತ್ತು.

"ಕಟ್ಟಲ್ಲ."

"ಏನು?"

"ಕಟ್ಟಲ್ಲ ಅಂದೆ. ನಿಮ್ಮಮ್ಮನ ಹೇಲು ಬಾಚಿದೀನಿ. ಕೀವು ತೊಳೆದಿದೀನಿ. ಅದೇ ಕೈಲಿ ಅನ್ನ ತಿಂದಿದೀನಿ. ನಂಗೆ ಅಸಹ್ಯ ಆಗ್ಲಿಲ್ಲ. ಇದು ಅಸಹ್ಯ. ಐದು ವಾರ ಮಾಡಿದೆ, ನಾನೂ ಪಾಪಿನೇ. ಇನ್ನು ಮಾಡಲ್ಲ." ಅವಳು ಬಟ್ಟೆಯನ್ನು ಮಗನ ಮುಂದೆ ಹಿಡಿದಳು. "ತಗೊಳ್ಳಿ ಸಾರ್. ನೀವು ಕಟ್ಟಿ. ನಿಮಗೆ ತುತ್ತು ಉಣಿಸಿದ ಕೈ. ನೀವೇ ಕಟ್ಟಿ."

ಮಗ ತೆಗೆದುಕೊಳ್ಳಲಿಲ್ಲ.

"ಅಕ್ಕಾ, ನೀವು?"

ಸೊಸೆ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಡಾಕ್ಟ್ರೇ?"

ಡಾಕ್ಟರು ಆಗಲೇ ಬಾಗಿಲಲ್ಲಿದ್ದರು.

"ನೋಡಿದ್ರಾ? ಒಬ್ಬರ ಕೈಲೂ ಆಗಲ್ಲ. ಅದಕ್ಕೇ ನನ್ನಂಥೋರು ಬೇಕು ನಿಮಗೆ. ಕಟ್ಟೋದು ನಾವು, ಕಣ್ಣೀರು ಹಾಕೋದು ನೀವು."

ಅವಳು ಬಟ್ಟೆಯನ್ನು ಡಾಕ್ಟರ ಕುರ್ಚಿಯ ಮೇಲೆ ಹಾಕಿದಳು. ಮುದುಕಿಯ ಎಡಗೈಯ ಗಂಟನ್ನೂ ಬಿಚ್ಚಿದಳು. ಬಗ್ಗಿ ಎರಡೂ ಕೈಗಳನ್ನು ಅವಳ ಹೊಟ್ಟೆಯ ಮೇಲೆ ಜೋಡಿಸಿ ಇಟ್ಟಳು. "ಬರ್ತೀನಮ್ಮ," ಎಂದಳು. ಮುದುಕಿ ಅವಳ ಅಂಗೈ ಮೇಲೆ ಏನೋ ಬರೆಯತೊಡಗಿದಳು. ಮೊದಲ ಅಕ್ಷರ ಮುಗಿಯುವ ಮೊದಲೇ ಮಗ ಡ್ಯೂಟಿಯವಳ ರಟ್ಟೆ ಹಿಡಿದು ಎಳೆದ. ಅಷ್ಟು ದಿನದಲ್ಲಿ ಮುದುಕಿಯನ್ನು ಬಿಟ್ಟು ಆ ಮನೆಯವರು ಅವಳನ್ನು ಮುಟ್ಟಿದ್ದು ಅದೊಂದೇ ಸಲ.

ಹಿತ್ತಲಲ್ಲಿ ಸೊಸೆ ಅವಳ ಚೀಲ ತಲೆಕೆಳಗು ಮಾಡಿ ಸುರಿದಳು. ನೀರಿನ ಬಾಟಲಿ, ಬಾಚಣಿಗೆ, ಒಂದು ಹಳೆ ಸೀರೆ. ನಾಯಿ ಬಂದು ಮೂಸಿತು.

ಏಜೆನ್ಸಿಯ ಸಾರ್ ರಿಜಿಸ್ಟರು ತೆಗೆದು ಅವಳ ಹೆಸರಿನ ಮೇಲೆ ಗೀಟು ಎಳೆದರು. "ನಿಂಗೆ ಯಾಕೆ ಬೇಕಿತ್ತು ಊರ ಉಸಾಬರಿ? ನೀನೇನು ಲಾಯರಾ? ಅವರಮ್ಮ, ಅವರಿಷ್ಟ."

"ಅವರಮ್ಮನ ಇಷ್ಟ ಏನು ಅಂತ ಕೇಳಿದೆ ಸಾರ್, ಅಷ್ಟೆ."

"ಹೋಗು ಹೋಗು. ಇನ್ನು ಈ ಊರಲ್ಲಿ ಯಾವ ಏಜೆನ್ಸಿನೂ ನಿನ್ನ ಸೇರಿಸಲ್ಲ."

ಸೇರಿಸಲಿಲ್ಲ. ಅವಳು ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕಲು ನಿಂತಳು. ಒಂದು ವಾರದ ಮೇಲೆ ರಾತ್ರಿಯವಳು ಅಲ್ಲಿಗೇ ಹುಡುಕಿಕೊಂಡು ಬಂದಳು. ಈ ಸಲ ಅವಳ ಬಾಯಲ್ಲಿ ತಮಾಷೆ ಇರಲಿಲ್ಲ. ನಲ್ಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಹಗಲೂ ರಾತ್ರಿ ಎರಡೂ ನಾನೇ ಮಾಡ್ತಿದ್ದೆ. ಕಟ್ಟಿದೆ ಕಣೇ. ನನ್ನ ಮೇಲೆ ಸಿಟ್ಟಾಗಬೇಡ. ಮನೇಲಿ ನಾಲ್ಕು ಹೊಟ್ಟೆ."

"ಸಿಟ್ಟಿಲ್ಲ. ನಾನೂ ಕಟ್ಟಿದವಳೇ. ಹೇಗಿದಾರೆ?"

"ಉಸಿರು ಸಿಕ್ಕಿಹಾಕ್ಕೊಳ್ತು. ಆಸ್ಪತ್ರೆಗೆ ಒಯ್ದರು. ಮಿಷನ್ನಿಗೆ ಹಾಕಿದಾರೆ. ಅಲ್ಲೂ ಕಟ್ಟಿದಾರಂತೆ, ಕೈ ಅಷ್ಟೇ ಅಲ್ಲ, ಕಾಲೂ."

ಮಿಷನ್ನು ಹತ್ತೊಂಬತ್ತು ದಿನ ಉಸಿರಾಡಿಸಿತು. ಒಬ್ಬರಾದ ಮೇಲೊಬ್ಬರು ನೆಂಟರು ಬಂದು ಗಾಜಿನಾಚೆಯಿಂದ ನೋಡಿ ಹೋದರು. ಮಗಳು ಬಂದು ತಲುಪುವವರೆಗೆ ನಿಲ್ಲಿಸಬಾರದು ಎಂದಾಯಿತು. ಮಗಳು ಬಂದಳು. ಆಮೇಲೆ ಒಳ್ಳೆಯ ದಿನ ನೋಡಬೇಕು ಎಂದಾಯಿತು. ಇಪ್ಪತ್ತನೆಯ ದಿನ ಯಾರನ್ನೂ ಕೇಳದೆ ಮುದುಕಿ ಹೊರಟುಹೋದಳು.

ಡ್ಯೂಟಿಯವಳು ಕ್ಯಾಂಟೀನಿನ ಯಜಮಾನನನ್ನು ಒಂದು ಗಂಟೆ ರಜ ಕೇಳಿಕೊಂಡು ಬಂದಳು. ಒದ್ದೆ ಸೆರಗು ಇನ್ನೂ ಆರಿರಲಿಲ್ಲ. ಆ ಮನೆಯ ಮುಂಬಾಗಿಲು ಅವತ್ತು ಎಲ್ಲರಿಗೂ ತೆರೆದಿತ್ತು. ಅವಳು ಸಾಲಿನಲ್ಲಿ ನಿಂತು ಮುಂಬಾಗಿಲಿನಿಂದಲೇ ಒಳಗೆ ಹೋದಳು. ನಡುಮನೆಯಲ್ಲಿ ಮಂಚ. ಮುದುಕಿಗೆ ಮೊಣಕೈ ದಾಟಿ ಬೆರಳ ಬುಡದವರೆಗೆ ಬರುವ ಉದ್ದ ತೋಳಿನ ಅಂಗಿ ತೊಡಿಸಿದ್ದರು. ಬೇಸಿಗೆ. ಹೂವಿನ ರಾಶಿ. ಮಗ ಬಂದವರಿಗೆಲ್ಲ ಹೇಳುತ್ತಿದ್ದ, "ಕೊನೆಯವರೆಗೂ ಏನೂ ಕಡಿಮೆ ಮಾಡ್ಲಿಲ್ಲ. ಇರೋದೆಲ್ಲ ಮಾಡಿದ್ವಿ. ಏನೂ ನೋವಿಲ್ಲದೆ ಹೋದಳು ಅಮ್ಮ."

"ಪುಣ್ಯವಂತೆ," ಎಂದರು ಸಾಲಿನಲ್ಲಿದ್ದವರು. "ಇಂಥ ಮಗ ಎಷ್ಟು ಜನಕ್ಕೆ ಸಿಗ್ತಾನೆ?"

ಡ್ಯೂಟಿಯವಳ ಸರದಿ ಬಂತು. ಅವಳು ಕೈ ಮುಗಿಯಲಿಲ್ಲ. ಬಗ್ಗಿ, ಅಂಗಿಯ ಬಲತೋಳನ್ನು ಮೊಣಕೈವರೆಗೆ ಸರಿಸಿದಳು. ಆಮೇಲೆ ಎಡತೋಳನ್ನು. ಮಣಿಕಟ್ಟಿನ ಸುತ್ತ ಚರ್ಮ ಸುಲಿದು ಕಪ್ಪಗೆ ಕಟ್ಟಿಕೊಂಡಿತ್ತು, ಗಾಡಿಗೆ ಹೂಡುವ ಎತ್ತಿನ ಹೆಗಲಿನ ಹಾಗೆ.

"ನೋಡಿ," ಎಂದಳು. "ಎಲ್ಲರೂ ನೋಡಿ. ಇವರ ಕೈ ಕಟ್ಟಿದ್ದರು. ಬೇಡ ಅಂತ ಬರೆದು ಸಹಿ ಮಾಡಿ ಕೊಟ್ಟರು. ಆದ್ರೂ ಕಟ್ಟಿದರು. ಕಟ್ಟಿದವಳು ನಾನೇ. ಆ ಕಾಗದ ಇವರ ಮಗನ ಹತ್ತಿರ ಇದೆ. ಕೇಳಿ."

ಸಾಲು ನಿಂತುಬಿಟ್ಟಿತು. ಯಾರೋ ಒಬ್ಬರು ಏನಾದರೂ ಕೇಳಬೇಕಿತ್ತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬರು ಗಡಿಯಾರ ನೋಡಿದರು. ಒಬ್ಬರು ಮಗುವನ್ನು ಹತ್ತಿರ ಎಳೆದುಕೊಂಡರು. ಸೊಸೆ ಬಂದು ಎರಡೂ ತೋಳುಗಳನ್ನು ಕೆಳಗೆ ಎಳೆದು, ನೆರಿಗೆ ಸರಿಮಾಡಿದಳು.

"ಕೆಲಸದಿಂದ ತೆಗೆದುಹಾಕಿದ್ದ ಹೆಂಗಸು," ಎಂದ ಮಗ. "ತಲೆ ಸರಿಯಿಲ್ಲ."

ಇಬ್ಬರು ಅವಳನ್ನು ತೋಳು ಹಿಡಿದು ಹೊರಗೆ ತಂದರು. ಗೇಟಿನಾಚೆ ಬಿಟ್ಟರು. ಅವಳ ಹಿಂದೆ ಸಾಲು ಮತ್ತೆ ಕೂಡಿಕೊಂಡು ಮುಂದಕ್ಕೆ ಸರಿಯಿತು.

ಅವಳು ರಸ್ತೆಯಲ್ಲಿ ಹತ್ತು ಹೆಜ್ಜೆ ಹೋಗಿದ್ದಳು. ಹಿಂದಿನಿಂದ ಯಾರೋ "ಏ ತಾಯಿ" ಎಂದರು. ಕೋಲು ಊರಿಕೊಂಡು ಒಬ್ಬ ಮುದುಕ ಬರುತ್ತಿದ್ದ. ಮುದುಕಿಯ ತಮ್ಮ. ಅದೇ ಮೂಗು, ಅದೇ ಗಲ್ಲ. ಬಿರಬಿರನೆ ನಡೆದು ಬಂದಿದ್ದರಿಂದ ಏದುಸಿರು.

"ನಮ್ಮಕ್ಕನಿಗೆ ನೋವಾಗ್ತಿತ್ತಾ?"

"ಆಗ್ತಿತ್ತು ತಾತ."

"ಗೊತ್ತಿತ್ತಾ ಅವಳಿಗೆ? ಸಾಯ್ತೀನಿ ಅಂತ?"

"ಗೊತ್ತಿತ್ತು."

ಮುದುಕ ತಲೆ ಆಡಿಸಿದ. ಸ್ವಲ್ಪ ಹೊತ್ತು ಕೋಲಿನ ತುದಿಯಿಂದ ಮಣ್ಣು ಕೆದಕಿದ. ಆಮೇಲೆ ಮನೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದ.

"ನಂಗೂ ಎರಡು ತಿಂಗಳಿಂದ ಹೊಟ್ಟೆಯಲ್ಲಿ ಏನೋ ಇದೆ. ಸ್ಕ್ಯಾನು ಗೀನು ಎಲ್ಲ ಮಾಡಿಸಿದ್ರು. ಗ್ಯಾಸು ಅಂತಾರೆ ಮಕ್ಕಳು. ಒಳ್ಳೆ ಮಕ್ಕಳು ನನ್ನವು. ಬಹಳ ಚೆನ್ನಾಗಿ ನೋಡ್ಕೋತಾರೆ." "ನಂಗೂ ಹೀಗೇ ಮಾಡ್ತಾರಾ?"

ಡ್ಯೂಟಿಯವಳು ಅವನ ಕೈಗಳನ್ನು ನೋಡಿದಳು. ಒಂದು ಸುಳ್ಳು ಹೇಳಬಹುದಿತ್ತು.

"ಮಾಡ್ತಾರೆ ತಾತ," ಎಂದಳು.

ಗೇಟಿನಿಂದ ಒಬ್ಬ ಗಂಡಸು ಧಾವಿಸಿ ಬಂದ. "ಅಪ್ಪಾ, ಬಿಸಿಲಲ್ಲಿ ಏನ್ಮಾಡ್ತಿದೀರಿ? ಎಲ್ಲಾ ಕಡೆ ಹುಡುಕ್ತಿದೀನಿ. ನಿಮ್ಮ ಆರೋಗ್ಯ ಏನಾಗಬೇಕು?" ಅವನು ಬಹಳ ಪ್ರೀತಿಯಿಂದ ತಂದೆಯ ತೋಳನ್ನು ಹಿಡಿದ. ಮುದುಕ ಮಗನ ಜೊತೆ ನಡೆದ.